ಇಪ್ಪತ್ತೈದು, ಮೇಲೊಂದು

ಹೊನ್ನಾವರ
೩ ಫೆಬ್ರವರಿ ೨೦೨೫, ಸೋಮವಾರ

ಗೀತಾ,

ಸಂಜೆ ಐದೂವರೆ. ಇವತ್ತು ಉದ್ದಿನ ಹಪ್ಪಳ ಹದಿನೆಂಟು ಕ್ರೇಟು ಒಣಗಿ ಒಳಗೆ ಬಂತು. ಹನ್ನೊಂದು ಗಂಟೆಗೆ ಮೋಡ ಕವಿದಂತಾಗಿ ಎಲ್ಲರೂ ಓಡಿ ಹೋಗಿ ಚಾಪೆ ಎತ್ತಿದೆವು. ಒಂದು ಹನಿಯೂ ಬೀಳಲಿಲ್ಲ. ಪ್ಯಾಕಿಂಗ್ ಕೋಣೆಯ ಉದ್ದ ಮೇಜಿನಲ್ಲಿ ಈಗ ನಾನೂ ಸುಕ್ರಿಯೂ ಇಬ್ಬರೇ. ಉಳಿದ ಆರು ಜನರಲ್ಲಿ ಮೂವರನ್ನು ಹಿಟ್ಟು ನಾದಲು ಹಾಕಿದ್ದಾರೆ. ಇನ್ನು ಮೂವರಿಗೆ, ಬೇಕಾದಾಗ ಹೇಳಿ ಕಳಿಸುತ್ತೇವೆ ಎಂದಿದ್ದಾರೆ. ಇನ್ನೂ ಹೇಳಿ ಕಳಿಸಿಲ್ಲ.

ನೀನು ಭಟ್ಕಳದ ಹೊಸ ಶೆಡ್ಡಿಗೆ ಹೋಗಿ ಇವತ್ತಿಗೆ ಎಂಟು ದಿನ. ಫೋನು ಮಾಡಿದ್ದೆಯಂತೆ, ಸುಕ್ರಿ ಹೇಳಿದಳು. ನಾನು ಎತ್ತುವುದಿಲ್ಲ ಎಂದು ನಿನಗೆ ಗೊತ್ತು. ಮಗಳು ಸ್ಮೃತಿ ಹೋದಳೆಂದು ಆಸ್ಪತ್ರೆಯಿಂದ ಬಂದದ್ದು ಫೋನಿನಲ್ಲೇ. ಎರಡು ವರ್ಷವಾದರೂ ಅದು ರಿಂಗಾದರೆ ನನ್ನ ಕೈ ಅತ್ತ ಹೋಗುವುದಿಲ್ಲ. ಅದಕ್ಕೆ ಈ ಕಾಗದ. ಅವಳ ಡಿಪ್ಲೊಮಾ ನೋಟ್‌ಬುಕ್ಕುಗಳಲ್ಲಿ ಖಾಲಿ ಹಾಳೆ ಬಹಳ ಉಳಿದಿವೆ. ದಿನಾ ಸಂಜೆ ಅವುಗಳಲ್ಲೇ ದಿನಚರಿ ಬರೆಯುತ್ತೇನೆ. ನಿನಗೊಂದು ಹಾಳೆ ಹರಿದರೆ ಅವಳು ಬೇಸರ ಮಾಡಿಕೊಳ್ಳಲಾರಳು. ನೀನು ಅವಳ ಚಿಕ್ಕಿ ಅಲ್ಲವೆ.

ಕ್ರೇಟು ಒಯ್ಯುವ ವ್ಯಾನಿನ ವಿನಾಯಕನ ಕೈಯಲ್ಲಿ ಕೊಡುತ್ತೇನೆ. ಕೇಳಿದ್ದಕ್ಕೆ, "ಎಂತದು ಪರಮಕ್ಕ, ಪ್ರೇಮಪತ್ರವಾ? ಹಾಂಗಾದ್ರೆ ಮೇಲಿನ ಕ್ರೇಟಲ್ಲಿ ಇಡು, ಕೆಳಗೆ ಇಟ್ರೆ ಹಪ್ಪಳ ಆಗ್ತದೆ" ಎಂದ.

ಒಂದು ಮಾತು ಕೇಳಬೇಕೆಂದಿದ್ದೆ. ಹೊಸ ಪ್ಯಾಕಿಂಗ್ ಯಂತ್ರಕ್ಕೆ ನಿನ್ನ ಹೆಸರು ಹೇಳಿದ ದಿನ ನೀನು ನನ್ನ ಕಡೆ ತಿರುಗಿ ನೋಡಲಿಲ್ಲ. ಹದಿನೆಂಟು ವರ್ಷ ಆ ಮೇಜನ್ನು ನೋಡಿಕೊಂಡವಳು ನಾನು. ಹಪ್ಪಳವನ್ನು ಒಡೆಯದಂತೆ ಹಿಡಿಯಲು ನಿನಗೆ ಕಲಿಸಿದವಳೂ ನಾನು. "ಪರಮಕ್ಕ, ಯಂತ್ರದ ಮೇಲೆ ಎಲ್ಲ ಇಂಗ್ಲಿಷ್ ಉಂಟು, ಅದಕ್ಕೆ" ಎಂದರು ಯಜಮಾನ ಶ್ರೀಧರಣ್ಣ. ನನ್ನದು ಏಳನೆಯ ತರಗತಿ. ಅವರು ಹೇಳಿದ್ದು ಸರಿಯೇ.

ಬರೆಯುತ್ತ ಬರೆಯುತ್ತ, ಕೇಳುವುದು ಬೇಡ ಅನ್ನಿಸಿತು.

ನಿನ್ನ ಅಕ್ಕ,
ಪರಮೇಶ್ವರಿ


ಜಾಲಿ, ಭಟ್ಕಳ
೭ ಫೆಬ್ರವರಿ

ಪರಮಕ್ಕ,

ನಿನ್ನ ಕಾಗದ ಕಂಡು ಕುಣಿದುಬಿಟ್ಟೆ. ಪಕ್ಕದ ಮನೆಯ ಅಜ್ಜಿ, ಯಾರಿಗೆ ಮದುವೆ ಎಂದು ಕೇಳಿದಳು. ಅವಳಿಗೆ ನವಾಯತಿ, ನನಗೆ ಕನ್ನಡ. ಆದರೂ ಇಬ್ಬರಿಗೂ ಅರ್ಥವಾಗುತ್ತದೆ. ನನಗೆ ಗಂಜಿಗೆ ಮೀನಿನ ಸಾರು ಕೊಡುತ್ತಾಳೆ. ನಾನು ಮುರುಕು ಹಪ್ಪಳ ಕೊಡುತ್ತೇನೆ.

ಯಂತ್ರದ ವಿಷಯ ಹೇಳುತ್ತೇನೆ, ಕೇಳು. ನಮ್ಮ ಮೇಜಿನಷ್ಟೇ ಉದ್ದ. ನೀವು ಎಣಿಸಿ ಕಳಿಸಿದ ಕಟ್ಟನ್ನು ಒಂದು ತುದಿಯಲ್ಲಿ ಬೆಲ್ಟಿನ ಮೇಲಿಟ್ಟರೆ ಅದು ಮುಂದೆ ಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ತಾನಾಗಿ ಸುತ್ತಿಕೊಳ್ಳುತ್ತದೆ, ಬಿಸಿಯಾದ ಎರಡು ದವಡೆ ಬಂದು ಕಚ್ಚಿ ಅಂಟಿಸಿ ಕತ್ತರಿಸುತ್ತವೆ. ನಿಮಿಷಕ್ಕೆ ಮೂವತ್ತು ಪ್ಯಾಕೆಟ್. ನಾವು ಒಂಬತ್ತು ಜನ ಕೂತು ಮಾಡುತ್ತಿದ್ದುದಕ್ಕಿಂತ ಹೆಚ್ಚು. ಕೊನೆಯಲ್ಲಿ ತಕ್ಕಡಿ. ಇನ್ನೂರು ಗ್ರಾಂ ಇರಬೇಕು. ಐದು ಗ್ರಾಂ ಆಚೀಚೆಯಾದರೆ ಸರಿ. ಅದಕ್ಕಿಂತ ಹೆಚ್ಚೋ ಕಡಿಮೆಯೋ ಆದರೆ ಒಂದು ಪುಟ್ಟ ತೋಳು ಬಂದು ಪ್ಯಾಕೆಟನ್ನು ಬದಿಯ ಬುಟ್ಟಿಗೆ ತಳ್ಳುತ್ತದೆ. ನನ್ನ ಅತ್ತೆಯ ಹಾಗೆ. ಮಾತಿಲ್ಲ, ಕತೆಯಿಲ್ಲ.

ಅದಕ್ಕೆ ಶ್ರೀಧರಣ್ಣ ಒಂದು ಮಾತು ಬರೆಯಲು ಹೇಳಿದ್ದಾರೆ. ಕಟ್ಟಿಗೆ ಇಪ್ಪತ್ತೈದೇ. ಇನ್ನು 'ಮೇಲೊಂದು' ಹಾಕಬಾರದು.

ಆ ದಿನ ನಿನ್ನ ಕಡೆ ಯಾಕೆ ನೋಡಲಿಲ್ಲ ಎಂದು ನೀನು ಕೇಳಿಲ್ಲವಾದ್ದರಿಂದ ನಾನೂ ಹೇಳುವುದಿಲ್ಲ. ನೋಡಿದ್ದರೆ ಒಲ್ಲೆ ಎಂದುಬಿಡುತ್ತಿದ್ದೆ.

ಗೀತಾಂಜಲಿ


ಹೊನ್ನಾವರ
೨೦ ಫೆಬ್ರವರಿ

ಗೀತಾ,

ಮಧ್ಯಾಹ್ನ ಒಂದೂಕಾಲು. ಊಟವಾಯಿತು. ಬೆಳಿಗ್ಗೆಯಿಂದ ನೂರಾ ನಲವತ್ತು ಕಟ್ಟು.

ಇಪ್ಪತ್ತೈದಕ್ಕೆ ನಿಲ್ಲಿಸುವುದು ಸುಲಭವಲ್ಲ. ಬಾಯಿ ಇಪ್ಪತ್ತೈದು ಅಂದರೂ ಕೈ ಇನ್ನೊಂದಕ್ಕೆ ಹೋಗುತ್ತದೆ. ಶ್ರೀಧರಣ್ಣನ ತಾಯಿ ಸುಮತಿಯಮ್ಮ ಕತಗಾಲದ ಮನೆಯ ಜಗುಲಿಯಲ್ಲಿ ನನ್ನನ್ನು ಕೂರಿಸಿಕೊಂಡು ಎಣಿಸಲು ಕಲಿಸಿದ್ದೇ ಹಾಗೆ. "ಇಪ್ಪತ್ತೈದು, ಮೇಲೊಂದು. ದಾರಿಯಲ್ಲಿ ಒಂದು ಮುರಿದೇ ಮುರಿತದೆ. ಕೊಂಡವರ ಮನೆಯಲ್ಲಿ ಯಾರಿಗೂ ಕಡಿಮೆಯಾಗಬಾರದು" ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೂ ನಾವು ಬಿಡಲಿಲ್ಲ. ಈಗ ಒಂದು ತೋಳು ಬಂದು ಬಿಡಿಸಿತು.

ಚಿಕ್ಕವಳಿದ್ದಾಗ ಸ್ಮೃತಿ ಶಾಲೆ ಬಿಟ್ಟು ನೇರ ಮೇಜಿನ ಕೆಳಗೆ ಬಂದು ಕೂರುತ್ತಿದ್ದಳು. ನೀನು ಲೆಕ್ಕ ತಪ್ಪಿಸಲೆಂದೇ ಅವಳಿಗೆ ಮೇಲಿನದನ್ನು ಕದ್ದು ಕೊಡುತ್ತಿದ್ದೆ, ಹಸಿಯಾಗಿಯೇ ತಿನ್ನುತ್ತಿದ್ದಳು. ನಾನು ಬೈದರೆ, "ಚಿಕ್ಕಿ ಕೊಟ್ಟದ್ದು" ಎಂದು ನಿನ್ನ ಹಿಂದೆ ಅಡಗುತ್ತಿದ್ದಳು.

ಇದ್ದಿದ್ದರೆ ಈ ಮಾರ್ಚಿಗೆ ಇಪ್ಪತ್ತೆರಡು. ಎಲೆಕ್ಟ್ರಾನಿಕ್ಸ್ ಓದುತ್ತಿದ್ದವಳು. ಆ ಯಂತ್ರದ ಮುಂದೆ ನಿಲ್ಲಬೇಕಾಗಿದ್ದವಳು ಅವಳು. ನೀನು ನಿಂತಿದ್ದಕ್ಕೆ ಬೇಸರವಿಲ್ಲ. ಹೀಗೆ ಬರೆದಿದ್ದೇನೆ ಎಂದರೆ ಸ್ವಲ್ಪ ಇದೆ ಎಂದೇ ತಿಳಿ.

ಪರಮೇಶ್ವರಿ


ಜಾಲಿ
೧೦ ಮಾರ್ಚ್

ಪರಮಕ್ಕ,

ಒಂದು ಸಂಗತಿ ಹೇಳದೆ ನನಗೆ ನಿದ್ದೆ ಬರುವುದಿಲ್ಲ. ನಿನ್ನ ಕ್ರೇಟಿಗೆ ಹಳದಿ ದಾರ ಕಟ್ಟಿರುತ್ತದಲ್ಲ, ಅದರಲ್ಲಿ ಬಂದ ಒಂದು ಕಟ್ಟನ್ನೂ ಆ ತೋಳು ಈವರೆಗೆ ತಳ್ಳಿಲ್ಲ! ಸುಕ್ರಿಯೂ ಬೇರೆ ಊರಿನವರೂ ಎಣಿಸಿದ್ದರಲ್ಲಿ ನೂರಕ್ಕೆ ಎಂಟು ಹತ್ತು ಬುಟ್ಟಿಗೆ ಬೀಳುತ್ತವೆ. ಎಲ್ಲರೂ ಇಪ್ಪತ್ತೈದೇ ಎಣಿಸುತ್ತಾರೆ. ಆದರೆ ಕೈಯಲ್ಲಿ ಒತ್ತಿದ ಹಪ್ಪಳ, ಒಂದು ದಪ್ಪ, ಒಂದು ತೆಳು. ನೀನು ಒಂದು ದಪ್ಪದ್ದು ತೆಗೆದುಕೊಂಡರೆ ಅದರ ಮೇಲೆ ತೆಳ್ಳಗಿನದು ಇಡುತ್ತೀಯಲ್ಲ, ನೋಡದೆಯೇ. ನಿನ್ನದು ೧೯೯, ೨೦೦, ೨೦೧. ತಕ್ಕಡಿಗೇ ಬೇಜಾರು ಬರಬೇಕು.

ಇದನ್ನು ಮೊದಲು ಕಂಡವಳು ಅರ್ಚಿತಾ. ಯಂತ್ರದ ಕಂಪನಿಯಿಂದ ಕಲಿಸಲು ಬಂದ ಹುಡುಗಿ, ಮೂರು ತಿಂಗಳು ಇಲ್ಲೇ ಇರುತ್ತಾಳೆ. "ಈ ಹಳದಿ ದಾರ ಯಾರದ್ದು? ನಾನು ನೋಡ್ಬೇಕು ಅವರನ್ನ" ಎನ್ನುತ್ತಾಳೆ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಅಡುಗೆ ಬಾರದು, ಬ್ರೆಡ್ಡು ತಿಂದು ಬದುಕುತ್ತಿದ್ದಳು. ಈಗ ನನ್ನ ಜೊತೆ ಉಣ್ಣುತ್ತಾಳೆ. ಭಾನುವಾರ ಅವಳ ತಲೆಗೆ ಎಣ್ಣೆ ಹಾಕಿದೆ. ಕೂದಲು ಒಣಹುಲ್ಲು. ನನ್ನನ್ನು ಮೇಡಂ ಎನ್ನುತ್ತಿದ್ದಳು, ಮೈಯೆಲ್ಲ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಚಿಕ್ಕಿ ಅನ್ನು ಸಾಕು ಎಂದೆ.

ನಿನ್ನ
ಗೀತಾ


ಹೊನ್ನಾವರ
೧೭ ಮಾರ್ಚ್

ಗೀತಾ,

ಬೆಳಿಗ್ಗೆ ಆರು. ಹಲಸಿನಕಾಯಿ ಬರಲು ಶುರುವಾಗಿದೆ. ನಿನ್ನೆ ನಲವತ್ತು ಕಾಯಿ ಕೊಯ್ದೆವು. ಕೈಯಲ್ಲಿ ಮೇಣ ಇನ್ನೂ ಹೋಗಿಲ್ಲ.

ನನ್ನ ಕೈಯ ವಿಷಯ ಬರೆದದ್ದು ಓದಿದೆ. ಸುಕ್ರಿಗೂ ಓದಿ ಹೇಳಿದೆ. "ಹಾಂಗಾರೆ ಯಂತ್ರ ನಿನ್ ಹತ್ರ ಕಲಿಯೂಕೆ ಬರ್ಲಿ" ಎಂದಳು.

ಭಾನುವಾರ ಎಣ್ಣೆ ಹಾಕಿದ್ದನ್ನು ಓದಿ ಹೇಳಲಿಲ್ಲ.

ಪ.


ಜಾಲಿ
೩೧ ಮಾರ್ಚ್, ಯುಗಾದಿಯ ಮರುದಿನ

ಪರಮಕ್ಕ,

ಎರಡು ವಾರದಿಂದ ಕಾಗದವಿಲ್ಲ. ಹಲಸಿನ ಗಡಿಬಿಡಿ ಇರಬಹುದು ಎಂದುಕೊಂಡಿದ್ದೇನೆ.

ಗುರುವಾರ ನನ್ನ ಪರೀಕ್ಷೆ. ಯಂತ್ರದ ಕಂಪನಿಯವರು, ಹಪ್ಪಳ ಕೊಳ್ಳುವ ಹುಬ್ಬಳ್ಳಿಯ ಅಂಗಡಿಯವರು, ಶ್ರೀಧರಣ್ಣ, ಎಲ್ಲ ಬಂದು ನಿಲ್ಲುತ್ತಾರೆ. ಮುನ್ನೂರು ಪ್ಯಾಕೆಟ್ ಹಾಯಿಸಬೇಕು. ಆರಕ್ಕಿಂತ ಹೆಚ್ಚು ಬುಟ್ಟಿಗೆ ಬೀಳಬಾರದು. ಬಿದ್ದರೆ ಹೊರಗಿನಿಂದ ಐಟಿಐ ಕಲಿತವನನ್ನು ತರುತ್ತಾರೆ. ಬೀಳದಿದ್ದರೆ ಯಂತ್ರ ನನ್ನ ಕೈಗೆ, ಕೆಲಸ ಕಾಯಂ. ಈ ಬಾಡಿಗೆ ಕೋಣೆ, ಅತ್ತೆಯ ಕಣ್ಣಿಗೆ ಬೀಳದ ಈ ಬದುಕು, ಎಲ್ಲ ಆ ಮುನ್ನೂರು ಪ್ಯಾಕೆಟ್ಟಿನಲ್ಲಿದೆ.

ನನಗೆ ಬೇರೆ ಯಾರ ಕಟ್ಟೂ ಬೇಡ ಅಕ್ಕ. ಆರು ಕ್ರೇಟು, ಕ್ರೇಟಿಗೆ ಐವತ್ತು. ಎಲ್ಲ ಹಳದಿ ದಾರದವೇ ಆಗಬೇಕು. ಶ್ರೀಧರಣ್ಣನ ಹತ್ತಿರ ಹೇಳಿದ್ದೇನೆ. "ಆತು, ಪರಮಕ್ಕನೇ ಎಣಿಸ್ಲಿ" ಎಂದಿದ್ದಾರೆ.

ಹಬ್ಬಕ್ಕೆ ಅರ್ಚಿತಾ ಊರಿಗೆ ಹೋಗಲಿಲ್ಲ. ಹೊಸ ಬಟ್ಟೆ ತಂದಿರಲಿಲ್ಲ, ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ನೀನು ಸ್ಮೃತಿಗೆಂದು ಹೊಲಿಸಿ, ಮನೆಯಲ್ಲಿಟ್ಟುಕೊಳ್ಳಲಾರೆ ಎಂದು ನನಗೆ ಕೊಟ್ಟಿದ್ದೆಯಲ್ಲ, ಆ ಹಸಿರು ಚೂಡಿದಾರ ಪೆಟ್ಟಿಗೆಯಲ್ಲಿತ್ತು. ಅವಳಿಗೆ ತೊಡಿಸಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಆಯಿತು. ನೀನು ನೋಡಬೇಕಿತ್ತು.

ಗೀತಾ


ಹೊನ್ನಾವರ
೨ ಏಪ್ರಿಲ್

ಗೀತಾ,

ಸಂಜೆ ಆರೂವರೆ. ಎರಡು ದಿನದಿಂದ ಮೇಜು ಬಿಟ್ಟು ಏಳಲಿಲ್ಲ. ಆರು ಕ್ರೇಟು ಆಗಿದೆ. ಎಲ್ಲ ನಾನೇ ಎಣಿಸಿದ್ದು. ಹಳದಿ ದಾರ ಕಟ್ಟಿದ್ದೇನೆ.

ನಾಳೆ ವಿನಾಯಕ ಬೇಗ ಬರುತ್ತಾನಂತೆ.

ಪರಮೇಶ್ವರಿ


ಜಾಲಿ
೯ ಏಪ್ರಿಲ್

ಪರಮಕ್ಕ,

ಸುಕ್ರಿಯಿಂದಲೋ ವಿನಾಯಕನಿಂದಲೋ ತಿಳಿದಿರುತ್ತದೆ. ಆದರೂ ನನ್ನ ಬಾಯಿಂದ ತಿಳಿಯಲಿ ಎಂದು ಬರೆಯುತ್ತೇನೆ.

ಮೊದಲ ನಾಲ್ಕು ಕ್ರೇಟಿನಲ್ಲಿ ಒಂದೂ ಬೀಳಲಿಲ್ಲ. ಇನ್ನೂರಕ್ಕೆ ಇನ್ನೂರು. ಹುಬ್ಬಳ್ಳಿಯವರು ಚಪ್ಪಾಳೆ ತಟ್ಟಿದರು. ಯಂತ್ರ ನಿಲ್ಲಿಸಿ ಎಲ್ಲರೂ ಚಹಾ ಕುಡಿದೆವು. ಮತ್ತೆ ಶುರು ಮಾಡಿ ಐದನೆಯ ಕ್ರೇಟು ಇಟ್ಟೆ. ಮೊದಲನೆಯ ಪ್ಯಾಕೆಟನ್ನು ತೋಳು ತಳ್ಳಿತು. ಎರಡನೆಯದನ್ನು ತಳ್ಳಿತು. ಹತ್ತು ಬಿದ್ದ ಮೇಲೆ ಶ್ರೀಧರಣ್ಣ ಪರದೆಯ ಹತ್ತಿರ ಬಂದರು. ಬುಟ್ಟಿ ತುಂಬಿ ನೆಲಕ್ಕೆ ಚೆಲ್ಲಿತು.

ಪರದೆಯಲ್ಲಿ ೨೦೮, ೨೦೮, ೨೦೭, ೨೦೮.

ಯಂತ್ರವನ್ನು ನಿಲ್ಲಿಸಿ ಶುರು ಮಾಡಿದಾಗಲೆಲ್ಲ ತಕ್ಕಡಿಯ ಸೊನ್ನೆ ಸರಿ ಮಾಡಬೇಕು. ಅದು ನನ್ನ ಕೆಲಸ. ಚಹಾ ಆದ ಮೇಲೆ ಸೊನ್ನೆ ಮಾಡಲು ಮರೆತೆ, ತಪ್ಪು ನನ್ನದೇ ಎಂದು ಎಲ್ಲರೆದುರು ಹೇಳಿದೆ. ಅರ್ಚಿತಾ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಸೊನ್ನೆ ಮಾಡಿದ್ದನ್ನು ಅವಳು ನೋಡಿದ್ದಾಳೆ. ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನಾದಳು. ಬಿದ್ದ ಪ್ಯಾಕೆಟ್ಟುಗಳನ್ನು ಬೇರೆಯವರ ಕೈಗೆ ಕೊಡದೆ ನಾನೇ ಬಿಚ್ಚಿದೆ.

ಬೇರೆ ಯಾರ ಕೈ ತಪ್ಪಿದ್ದರೂ ಒಂದು ೧೯೦, ಒಂದು ೨೧೫ ಬರುತ್ತಿತ್ತು ಅಕ್ಕ. ನೂರು ಕಟ್ಟಿಗೂ ಸರಿಯಾಗಿ ಒಂದೊಂದೇ ಹೆಚ್ಚು ಇಡುವ ಕೈ ಈ ಮೂರು ತಾಲೂಕಿನಲ್ಲಿ ಒಂದೇ ಇರುವುದು.

ಸೋಮವಾರದಿಂದ ಅಕ್ಷಯ ಎನ್ನುವವನು ಯಂತ್ರದ ಮುಂದೆ ನಿಂತಿದ್ದಾನೆ. ನಾನು ಬೆಲ್ಟಿನ ತುದಿಯಲ್ಲಿ ಕಟ್ಟು ಇಡುತ್ತೇನೆ. ತಿಂಗಳ ಕೊನೆಗೆ ಮನೆಗೆ ಕಳಿಸುತ್ತಾರೋ ಏನೋ.

ಹಸಿರು ಚೂಡಿದಾರ ತೊಳೆದು ಇಸ್ತ್ರಿ ಮಾಡಿಸಿದ್ದೇನೆ. ಈ ಕಾಗದದ ಜೊತೆಗೇ ಇದೆ. ಅದನ್ನು ಕೊಡುವ ಮೊದಲು ನಿನ್ನನ್ನು ಕೇಳಬೇಕಿತ್ತು. ಕೊಟ್ಟ ಮೇಲೆ ಬರೆಯಬಾರದಿತ್ತು. ಎರಡೂ ತಪ್ಪು ಮಾಡಿದೆ.

ಗೀತಾಂಜಲಿ


ಹೊನ್ನಾವರ
೨೦ ಏಪ್ರಿಲ್, ಭಾನುವಾರ

ಗೀತಾ,

ಸಂಜೆ ನಾಲ್ಕು. ಇವತ್ತು ರಜೆಯಾದರೂ ಶೆಡ್ಡಿಗೆ ಹೋಗಿದ್ದೆ. ಸುಕ್ರಿಯೂ ಬಂದಿದ್ದಳು. ಎರಡು ಗಂಟೆಗೆ ಬಾಗಿಲು ಹಾಕಿ, ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು ಬರೆಯಲು ಕೂತಿದ್ದೇನೆ.

ನಿನ್ನ ಕಾಗದಕ್ಕೆ ಹನ್ನೊಂದು ದಿನ ಉತ್ತರ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಸ್ಮೃತಿಯ ಹಾಳೆ ವ್ಯರ್ಥವಾಯಿತು. ಮೊದಲು ಶ್ರೀಧರಣ್ಣನಿಗೆ ಹೇಳಿ ಆಮೇಲೆ ನಿನಗೆ ಬರೆಯಬೇಕು ಎಂದುಕೊಂಡೆ. ಅವರು ಬುಧವಾರ ಬಂದರು.

ಮೇಜಿನ ಹತ್ತಿರವೇ ಹೇಳಿದೆ. "ಶ್ರೀಧರಣ್ಣ, ಗೀತಾ ಸೊನ್ನೆ ಮರೆಯಲಿಲ್ಲ. ಕೊನೆಯ ಎರಡು ಕ್ರೇಟಿನಲ್ಲಿ ಒಂದೊಂದು ಕಟ್ಟಿಗೂ ಇಪ್ಪತ್ತಾರು ಇತ್ತು. ನಾನು ಎಣಿಸಿದ್ದು" ಎಂದೆ.

 ಅವರು ನಕ್ಕರು. "ಅಯ್ಯೋ ಪರಮಕ್ಕ. ನಮ್ಮ ಅಮ್ಮನ ಪದ್ಧತಿ. ಇಷ್ಟು ವರ್ಷದ ಕೈ, ಹಾಂಗೇ ಹೋಗಿ ಹಾಕಿಬಿಟ್ಟಿದೆ. ಅಷ್ಟೇ ಅಲ್ದಾ?"

ಅವರ ಮುಖದಲ್ಲಿ ತಾಯಿಯನ್ನು ನೆನೆಸಿಕೊಂಡ ಸಂತೋಷವಿತ್ತು. ಬಾಗಿಲಲ್ಲಿ ನಿಂತಿದ್ದ ಸುಕ್ರಿ, ಹೂಂ ಅನ್ನು ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿನ್ನ ಕೆಲಸ ನಿನಗೆ ಸಿಗುತ್ತಿತ್ತು, ನನ್ನ ಮೇಜು ನನಗೆ ಉಳಿಯುತ್ತಿತ್ತು. ಸುಮತಿಯಮ್ಮನ ಹೆಸರಿನಲ್ಲಿ ಇಬ್ಬರೂ ಪಾರಾಗುತ್ತಿದ್ದೆವು. ಆದರೆ ಆ ಹೆಂಗಸು ಕೊಂಡವರ ಮನೆಯಲ್ಲಿ ಕಡಿಮೆಯಾಗಬಾರದೆಂದು ಒಂದು ಹೆಚ್ಚು ಹಾಕಿದವಳು. ನಾನು ಹಾಕಿದ್ದು ನಿನಗೆ ಕಡಿಮೆಯಾಗಲಿ ಎಂದು.

"ಅಲ್ಲ. ಕೈ ತಪ್ಪಿದ್ದಲ್ಲ. ಎಣಿಸಿ ಎಣಿಸಿ ಹಾಕಿದ್ದು" ಎಂದೆ.

"ಎಂತಕ್ಕೆ?" ಎಂದರು.

ಮೇಜಿನ ಮೇಲೆ ಬಿದ್ದಿದ್ದ ಹಳದಿ ದಾರವನ್ನು ಬೆರಳಿಗೆ ಸುತ್ತಿಕೊಂಡೆ. ಅವರು ಕಾದರು. ಎದ್ದು ಹೊರಗೆ ಹೋಗಿ ಬಿಸಿಲಲ್ಲಿ ನಿಂತು ಮತ್ತೆ ಬಂದರು. "ಗೀತಾಂಜಲಿಗೆ ಇನ್ನೊಂದು ಪರೀಕ್ಷೆ ಇಡುವ. ಆದ್ರೆ ಕಟ್ಟು ನಿಮ್ಮ ಕೈಯದ್ದು ಬೇಡ. ನೀವು ಇನ್ನು ಒಣಗಿಸುವಲ್ಲಿ ನೋಡಿಕೊಳ್ಳಿ" ಎಂದರು. ಕೋಪ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಅವರು ಹೋದ ಮೇಲೆ ಸುಕ್ರಿ, "ಅವ್ರೇ ಗೇಟು ತೆಗ್ದು ನಿಂತಿದ್ರು, ನೀನು ಹೋಗಿ ಬೇಲಿ ಹಾರಿದ್ಯಲ್ಲೆ ಮಾರಾಯ್ತಿ!" ಎಂದು ಬೈದಳು.

ಶ್ರೀಧರಣ್ಣನಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ. ಮೊದಲು ಯಂತ್ರದ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡಿದ್ದೆ. ಅದು ಅಷ್ಟು ದೊಡ್ಡದಾಗಿರಲಿಲ್ಲ. ನಾಲ್ಕು ಕ್ರೇಟು ಸರಿಯಾಗಿಯೇ ಎಣಿಸಿದೆ. ನೀನು ಗೆಲ್ಲಲಿ ಎಂದೇ ಎಣಿಸಿದೆ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಎದ್ದಾಗ ನಿನ್ನ ಕಾಗದ ಮತ್ತೆ ತೆಗೆದು ಓದಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಎಂದು ಬರೆದಿದ್ದೆ. ಆ ಬಟ್ಟೆಯ ಅಳತೆ ಕೊಟ್ಟವಳು ಅದನ್ನು ಒಂದು ದಿನವೂ ತೊಡಲಿಲ್ಲ ಗೀತಾ. ಆ ಹುಡುಗಿಗೆ ತಲೆಯಿದೆ, ಎಣ್ಣೆ ಹಾಕಲು ನೀನಿದ್ದೀಯ. ನನ್ನ ಹತ್ತಿರ ಎಣ್ಣೆ ಮಾತ್ರ ಇದೆ. ಮತ್ತೆ ಮೇಜಿಗೆ ಬಂದು ಕೂತೆ. ಇಪ್ಪತ್ತೈದು ಅಂದೆ. ಮೇಲೊಂದು ಅಂದೆ.

ನೀನು ತಪ್ಪು ನಿನ್ನ ಮೇಲೆ ಹಾಕಿಕೊಂಡದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ಒಳ್ಳೆಯವಳಾಗುವುದನ್ನು ನಾನು ನಿನಗೆ ಕಲಿಸಿರಲಿಲ್ಲ. ಕಿಚ್ಚು ಈಗಲೂ ಹೋಗಿಲ್ಲ. ಸುಳ್ಳು ಹೇಳಲಾರೆ. ಸಣ್ಣದಾಗಿದೆ.

ಗುರುವಾರದಿಂದ ಇವತ್ತಿನವರೆಗೆ ಸುಕ್ರಿಯನ್ನು ಕೂರಿಸಿಕೊಂಡು ಕಲಿಸಿದೆ. ದಪ್ಪದ ಮೇಲೆ ತೆಳು, ನೋಡಬೇಡ, ಬೆರಳಿಗೆ ಗೊತ್ತಾಗಬೇಕು ಎಂದೆ. ಶುರುವಿಗೆ, "ನನ್ ಬೆರಳಿಗೆ ಕಣ್ಣಿಲ್ಯೆ" ಎಂದು ಎದ್ದು ಹೋಗುತ್ತಿದ್ದಳು. ಅಂಗಡಿಯಿಂದ ಸಣ್ಣ ತಕ್ಕಡಿ ತಂದು ಒಂದೊಂದು ಕಟ್ಟನ್ನೂ ಅವಳೇ ಇಟ್ಟು ನೋಡುವ ಹಾಗೆ ಮಾಡಿದೆ. ನಿನ್ನೆಯಿಂದ ನೂರಕ್ಕೆ ಒಂದೇ ತಪ್ಪುತ್ತಿದೆ. ತಪ್ಪಿದ್ದನ್ನು ತೆಗೆದಿದ್ದೇವೆ. ನಾನು ಒಂದನ್ನೂ ಮುಟ್ಟಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಚೂಡಿದಾರ ಬಂತು. ಅದರಲ್ಲಿ ಈಗ ಬೇರೆ ಸಾಬೂನಿನ ವಾಸನೆ. ಅದನ್ನು ಮತ್ತೆ ಕಳಿಸುವುದಿಲ್ಲ. ಅದು ನನ್ನದು. ಅದರ ಬದಲಿಗೆ ಮೇಲಿನ ಕ್ರೇಟಿನಲ್ಲಿ ಒಂದು ಬಾಟಲಿ ಇಟ್ಟಿದ್ದೇನೆ. ದಾಸವಾಳದ ಎಲೆ, ಗರಗದ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ. ಸ್ಮೃತಿಗೆ ಪ್ರತಿ ತಿಂಗಳು ಕಾಯಿಸುತ್ತಿದ್ದೆ. ಅವಳು ಹೋದ ಮೇಲೂ ಕಾಯಿಸುತ್ತಿದ್ದೇನೆ, ಯಾರಿಗೂ ಹೇಳಿರಲಿಲ್ಲ. ಅಟ್ಟದಲ್ಲಿ ಸಾಲಾಗಿ ಇವೆ. ಒಂದು ಆ ಹುಡುಗಿಯ ತಲೆಗೆ ಹಾಕು. ಯಾರು ಕೊಟ್ಟದ್ದು ಎಂದು ಕೇಳಿದರೆ ಹಳದಿ ದಾರದವಳು ಎಂದು ಹೇಳು. ಒಂದೇ ಬಾಟಲಿ. ಉಳಿದವು ಇಲ್ಲೇ ಇರಲಿ.

ನಾಳೆ ಸೋಮವಾರ. ವ್ಯಾನು ಏಳೂವರೆಗೆ ಬರುತ್ತದೆ. ಆರು ಕ್ರೇಟು, ಮುನ್ನೂರು ಕಟ್ಟು. ಎಲ್ಲ ಸುಕ್ರಿ ಎಣಿಸಿದ್ದು.

ಪರಮೇಶ್ವರಿ